ಕೋರ್ಟಿನ ಕಾಗದ ಬಂದರೆ ಹೆದರಿ ಹಣ ಕಟ್ಟಬೇಡಿ, ಹರಿದೂ ಹಾಕಬೇಡಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಒಂದು ಸಂಜೆ ಕೊವೆಂಟ್ರಿಯ ನಮ್ಮ ಮನೆಗೆ ದಾವಣಗೆರೆ ಕಡೆಯ ಹುಡುಗನೊಬ್ಬ ಒಂದು ಲಕೋಟೆ ಹಿಡಿದುಕೊಂಡು ಬಂದ. ಇಲ್ಲಿಯೇ ಎಂ.ಎಸ್ಸಿ. ಮುಗಿಸಿ, ಈಗಷ್ಟೇ ಕೆಲಸಕ್ಕೆ ಸೇರಿ, ಹಳೆಯದೊಂದು ಕಾರು ಕೊಂಡಿದ್ದಾನೆ. ಲಕೋಟೆಯಲ್ಲಿದ್ದದ್ದು ನಾರ್ಥಾಂಪ್ಟನ್ನಿನ ಸಿವಿಲ್ ನ್ಯಾಷನಲ್ ಬಿಸಿನೆಸ್ ಸೆಂಟರ್ ಎಂಬ ನ್ಯಾಯಾಲಯದ ಕಚೇರಿ ಹೊರಡಿಸಿದ ದಾವೆಯ ನಮೂನೆ. ಖಾಸಗಿ ಜಾಗವೊಂದರಲ್ಲಿ ನಿಯಮ ಮೀರಿ ಕಾರು ನಿಲ್ಲಿಸಿದ್ದಕ್ಕಾಗಿ ಸುಮಾರು 265 ಪೌಂಡ್ ಕೊಡಬೇಕೆಂದು ಪಾರ್ಕಿಂಗ್ ಕಂಪನಿಯೊಂದು ಅವನ ಮೇಲೆ ದಾವೆ ಹೂಡಿತ್ತು. ನಮ್ಮ ಲೆಕ್ಕದಲ್ಲಿ ಅದು ಸುಮಾರು ಮೂವತ್ತು ಸಾವಿರ ರೂಪಾಯಿ. ಹುಡುಗ ನನ್ನ ಬಳಿಗೆ ಬರುವ ಮೊದಲೇ ಊರಿಗೆ ಫೋನ್ ಮಾಡಿದ್ದ. ‘ಕೋರ್ಟಿನವರ ಹತ್ತಿರ ವಾದ ಬೇಡಪ್ಪ, ವೀಸಾಕ್ಕೇನಾದರೂ ತೊಂದರೆಯಾದೀತು, ನಾನು ಹಣ ಕಳಿಸುತ್ತೇನೆ, ಕಟ್ಟಿಬಿಡು’ ಎಂದು ತಂದೆ ಹೇಳಿದ್ದರು. ಇಲ್ಲಿ ಅವನೊಂದಿಗೆ ಒಂದೇ ಮನೆಯಲ್ಲಿರುವ ಗೆಳೆಯನ ಸಲಹೆ ಇದಕ್ಕೆ ಪೂರಾ ವಿರುದ್ಧವಾಗಿತ್ತು: ‘ಇವೆಲ್ಲ ಬರೀ ಬೆದರಿಕೆ, ಹರಿದು ಬಿಸಾಕು.’

ಎರಡು ಸಲಹೆಗಳೂ ತಪ್ಪು. ಮಕ್ಕಳನ್ನು ಇಂಗ್ಲೆಂಡಿಗೆ ಕಳುಹಿಸಿರುವ ಎಷ್ಟೋ ತಂದೆತಾಯಂದಿರು ನಿಮ್ಮ ಪತ್ರಿಕೆಯ ಓದುಗರಾಗಿದ್ದಾರೆ, ಮತ್ತು ಕಷ್ಟ ಬಂದಾಗ ಈ ಮಕ್ಕಳು ಮೊದಲು ಕೇಳುವುದು ಅವರನ್ನೇ. ಹಾಗಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ಇಂಥದೇ ದಾವೆಯೊಂದನ್ನು ಸ್ವತಃ ಎದುರಿಸಿದವನು, ಆಮೇಲೆ ಇಲ್ಲಿನ ನಮ್ಮವರು ಕೆಲವರಿಗೆ ತಕರಾರು ಬರೆದುಕೊಳ್ಳಲು ನೆರವಾದವನು. ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ ಸಂಬಂಧಿಸಿದ್ದು. ಸ್ಕಾಟ್ಲೆಂಡಿನ ಕಾನೂನು ಬೇರೆ.

ಬೆಂಗಳೂರಿನ ಮಾಲ್‌ಗಳಲ್ಲಿ ಕಾರು ನಿಲ್ಲಿಸಿದರೆ ಚೀಟಿ ಕೊಡುವ ಹುಡುಗನಿರುತ್ತಾನೆ. ಹೆಚ್ಚು ಕೇಳಿದರೆ ಅಲ್ಲೇ ನಿಂತು ಮಾತಾಡಿ ಮುಗಿಸಬಹುದು. ಇಲ್ಲಿನ ಅಂಗಡಿ ಸಾಲುಗಳ ಬಯಲಿನಲ್ಲಿ ಬಹಳ ಕಡೆ ಮನುಷ್ಯರೇ ಇರುವುದಿಲ್ಲ. ಕಾರು ಒಳಗೆ ಬಂದಾಗ ಒಮ್ಮೆ, ಹೊರಗೆ ಹೋಗುವಾಗ ಇನ್ನೊಮ್ಮೆ ಕ್ಯಾಮೆರಾ ನಂಬರ್ ಪ್ಲೇಟಿನ ಚಿತ್ರ ತೆಗೆಯುತ್ತದೆ. ಸಮಯ ಮೀರಿತೆಂದು ಕಂಡರೆ ಕಂಪನಿಯು ವಾಹನ ನೋಂದಣಿ ಇಲಾಖೆಯಾದ ಡಿವಿಎಲ್‌ಎಗೆ ಎರಡೂವರೆ ಪೌಂಡ್ ಕಟ್ಟಿ ಕಾರು ಯಾರ ಹೆಸರಿನಲ್ಲಿದೆ, ವಿಳಾಸವೇನು ಎಂದು ತಿಳಿದುಕೊಂಡು ಮನೆಗೆ ನೋಟಿಸ್ ಕಳುಹಿಸುತ್ತದೆ. 2025ರ ಮಾರ್ಚ್‌ಗೆ ಕೊನೆಗೊಂಡ ವರ್ಷದಲ್ಲಿ ಇಂಥ ಕಂಪನಿಗಳು 1.4 ಕೋಟಿಗೂ ಹೆಚ್ಚು ಬಾರಿ ಹೀಗೆ ವಿವರ ಪಡೆದಿವೆ. ನೋಟಿಸಿನಲ್ಲಿ ಸಾಮಾನ್ಯವಾಗಿ 100 ಪೌಂಡ್ ಕೇಳಿರುತ್ತಾರೆ, 14 ದಿನದೊಳಗೆ ಕಟ್ಟಿದರೆ 60 ಪೌಂಡ್ ಸಾಕೆನ್ನುತ್ತಾರೆ.

ನಮ್ಮವರು ಮೊದಲು ಎಡವುವುದು ನೋಟಿಸಿನ ಹೆಸರಿನಲ್ಲಿಯೇ. ಊರಿನ ಕೌನ್ಸಿಲ್ ಕಳುಹಿಸುವುದು ‘ಪೆನಾಲ್ಟಿ ಚಾರ್ಜ್ ನೋಟಿಸ್’. ಅದು ಸರ್ಕಾರಿ ದಂಡ, ಅದನ್ನು ಪ್ರಶ್ನಿಸುವ ದಾರಿ ಮತ್ತು ನ್ಯಾಯಮಂಡಳಿ ಬೇರೆ. ಖಾಸಗಿ ಕಂಪನಿ ಕಳುಹಿಸುವುದು ‘ಪಾರ್ಕಿಂಗ್ ಚಾರ್ಜ್ ನೋಟಿಸ್’. ಎರಡನ್ನೂ ಪಿಸಿಎನ್ ಎಂದೇ ಕರೆಯುತ್ತಾರೆ, ಕಾಗದದ ಬಣ್ಣವೂ ಅಂಚೂ ಒಂದೇ ಥರ ಕಾಣುತ್ತವೆ. ಆದರೆ ಎರಡನೆಯದು ದಂಡವೇ ಅಲ್ಲ. ಫಲಕದಲ್ಲಿ ಬರೆದ ಷರತ್ತಿಗೆ ನೀವು ಒಪ್ಪಿದ್ದಿರಿ, ಅದನ್ನು ಮುರಿದಿರಿ, ಆದ್ದರಿಂದ ಹಣ ಕೊಡಿ ಎಂದು ಕೇಳುವ ಒಪ್ಪಂದದ ಬಾಕಿ ಅದು. ಅಪರಾಧದ ಮಾತಿಲ್ಲ, ಪೊಲೀಸರಿಲ್ಲ. ಸಿವಿಲ್ ದಾವೆಯೊಂದಕ್ಕೆ ಉತ್ತರ ಕೊಟ್ಟರೆ ಯಾರ ಹೆಸರಿನಲ್ಲೂ ಅಪರಾಧ ದಾಖಲಾಗುವುದಿಲ್ಲ. ದಾವಣಗೆರೆಯ ತಂದೆಯವರಿಗೆ ನಾನು ಫೋನಿನಲ್ಲಿ ಮೊದಲು ಹೇಳಿದ್ದು ಇದನ್ನೇ.

ಈಗ ನನ್ನ ಪ್ರಕರಣ. ಅಪ್ಪ, ಅಮ್ಮ ಮೊದಲ ಬಾರಿಗೆ ಇಲ್ಲಿಗೆ ಬಂದಿದ್ದ ಡಿಸೆಂಬರಿನಲ್ಲಿ ಅವರಿಗೆ ಉಣ್ಣೆ ಬಟ್ಟೆ ಕೊಡಿಸಲೆಂದು ಒಂದು ಅಂಗಡಿ ಸಾಲಿಗೆ ಹೋಗಿದ್ದೆವು. ಎರಡು ಗಂಟೆ ಉಚಿತ. ಕ್ರಿಸ್‌ಮಸ್ ಹಿಂದಿನ ಶನಿವಾರವಾದ್ದರಿಂದ ಜಾಗಕ್ಕಾಗಿ ಒಳಗೇ ಹದಿನೈದು ನಿಮಿಷ ಸುತ್ತಿದೆವು, ಹೊರಡುವಾಗ ದಟ್ಟಣೆಯಲ್ಲಿ ಇನ್ನಷ್ಟು ಹೊತ್ತು ನಿಂತೆವು. ಕ್ಯಾಮೆರಾಗಳ ಪ್ರಕಾರ ನಾವು ಎರಡು ಗಂಟೆ ಇಪ್ಪತ್ತಮೂರು ನಿಮಿಷ ಅಲ್ಲಿದ್ದೆವು. ನೋಟಿಸ್ ಬಂದದ್ದು ಇಪ್ಪತ್ತನಾಲ್ಕನೆಯ ದಿನ. ಅಂಗಡಿಯಲ್ಲಿ ಖರೀದಿಸಿದ ರಸೀದಿಯನ್ನೂ ಸೇರಿಸಿ ಕಂಪನಿಗೆ ಬರೆದೆ, ಒಪ್ಪಲಿಲ್ಲ. ಮೇಲ್ಮನವಿ ಸಲ್ಲಿಸಿದೆ, ಅದೂ ತಿರಸ್ಕೃತವಾಯಿತು. ಆಮೇಲೆ ವಸೂಲಿ ಸಂಸ್ಥೆಗಳ ಕೆಂಪಕ್ಷರದ ಪತ್ರಗಳು ಒಂದರ ಹಿಂದೊಂದು ಬಂದವು, 100 ಪೌಂಡ್ ಇದ್ದದ್ದು 170 ಆಯಿತು. ಅಮ್ಮ ಅಷ್ಟರಲ್ಲಿ ಊರಿಗೆ ಮರಳಿದ್ದರು. ತಮಗೆ ಸ್ವೆಟರ್ ಕೊಡಿಸಲು ಹೋಗಿ ಹೀಗಾಯಿತಲ್ಲ ಎಂದು ಪ್ರತಿ ಬಾರಿ ಫೋನ್ ಮಾಡಿದಾಗಲೂ ನೊಂದುಕೊಳ್ಳುತ್ತಿದ್ದರು. ನಾನು ಹಟ ಹಿಡಿದು ಕಾನೂನು ಓದಲು ಕುಳಿತದ್ದು ಬಹುಶಃ ಆ ಕಾರಣಕ್ಕೇ.

ಓದಿದಾಗ ಸಿಕ್ಕಿದ್ದು 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆಯ ನಾಲ್ಕನೆಯ ಅನುಸೂಚಿ. ಖಾಸಗಿ ಜಾಗದಲ್ಲಿ ಕಾರಿನ ಚಕ್ರಕ್ಕೆ ಬೀಗ ಹಾಕುವುದನ್ನು 2012ರ ಅಕ್ಟೋಬರ್ 1ರಿಂದ ನಿಷೇಧಿಸಿದ್ದು ಇದೇ ಕಾಯ್ದೆ. ಆ ಬಲವನ್ನು ಕಿತ್ತುಕೊಂಡದ್ದಕ್ಕೆ ಪ್ರತಿಯಾಗಿ ಕಂಪನಿಗಳಿಗೆ ಬೇರೊಂದು ಹಕ್ಕನ್ನು ಅದು ಕೊಟ್ಟಿತು. ಒಪ್ಪಂದ ಏರ್ಪಡುವುದು ಚಾಲಕನೊಂದಿಗೆ. ಆದರೆ ಚಾಲಕ ಯಾರೆಂದು ತಿಳಿಯದಿದ್ದರೆ ಕಾರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಆ ಕೀಪರ್‌ನಿಂದಲೇ ಹಣ ಕೇಳಬಹುದು. ಈ ಹಕ್ಕಿಗೆ ಕಟ್ಟುನಿಟ್ಟಾದ ಷರತ್ತುಗಳಿವೆ. ಕಾರಿನ ಗಾಜಿಗೆ ಚೀಟಿ ಅಂಟಿಸದೆ ಬರೀ ಕ್ಯಾಮೆರಾ ನಂಬಿ ಕಳುಹಿಸುವ ನೋಟಿಸ್ ಕಾರು ನಿಲ್ಲಿಸಿದ ದಿನದ ಮರುದಿನದಿಂದ ಎಣಿಸಿ 14 ದಿನದೊಳಗೆ ಕೀಪರ್ ಕೈ ಸೇರಬೇಕು. ಕಾರು ಎಷ್ಟು ಹೊತ್ತು ನಿಂತಿತ್ತೆಂಬುದು ಅದರಲ್ಲಿ ನಮೂದಾಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಕೀಪರ್ ಮೇಲಿನ ಹಕ್ಕು ಹೋಗುತ್ತದೆ, ಅಂದು ಕಾರು ಓಡಿಸಿದವರು ಯಾರೆಂದು ಕಂಪನಿಯೇ ಸಾಬೀತುಪಡಿಸಬೇಕಾಗುತ್ತದೆ. ನಮ್ಮ ಕಾರನ್ನು ನಾನೂ ಓಡಿಸುತ್ತೇನೆ, ನನ್ನ ಹೆಂಡತಿಯೂ ಓಡಿಸುತ್ತಾಳೆ. ಚಾಲಕ ಯಾರೆಂದು ಖಾಸಗಿ ಕಂಪನಿಗೆ ತಿಳಿಸುವ ಕಾನೂನಿನ ಬಾಧ್ಯತೆ ಕೀಪರ್‌ಗೆ ಇಲ್ಲ, ಆದ್ದರಿಂದ ನಾನು ತಿಳಿಸಿರಲಿಲ್ಲ. ನೋಟಿಸ್ ಬಂದ ಲಕೋಟೆಯನ್ನು ಅಂಚೆಯ ಮುದ್ರೆ ಸಮೇತ ಎತ್ತಿಟ್ಟುಕೊಂಡಿದ್ದೆ. ಇಪ್ಪತ್ತನಾಲ್ಕನೆಯ ದಿನ ಬಂದದ್ದಕ್ಕೆ ಅದೇ ನನ್ನ ಸಾಕ್ಷಿ.

ಇಲ್ಲೊಂದು ಎಚ್ಚರದ ಮಾತು ಹೇಳಲೇಬೇಕು. ಹೇಳದಿರುವುದು ಬೇರೆ, ಸುಳ್ಳು ಹೇಳುವುದು ಬೇರೆ. ತಕರಾರಿನ ಕೊನೆಯಲ್ಲಿ ಇದರಲ್ಲಿರುವುದು ಸತ್ಯವೆಂದು ಘೋಷಿಸಿ ಸಹಿ ಹಾಕಬೇಕು. ತಿಳಿದೂ ತಿಳಿದೂ ಸುಳ್ಳು ಬರೆದು ಸಹಿ ಮಾಡಿದರೆ ಅದು ನ್ಯಾಯಾಂಗ ನಿಂದನೆಯಾಗುತ್ತದೆ. ‘ನಾನು ಓಡಿಸಲೇ ಇಲ್ಲ ಎಂದು ಬರೆದುಬಿಡಿ’ ಎಂದು ಸಲಹೆ ಕೊಡುವವರು ನಮ್ಮಲ್ಲೂ ಇದ್ದಾರೆ, ಅವರ ಮಾತು ಕೇಳಬೇಡಿ. ನ್ಯಾಯಾಧೀಶರು ನೇರವಾಗಿ ಕೇಳಿದಾಗ ಸತ್ಯವನ್ನೇ ಹೇಳಬೇಕಾಗುತ್ತದೆ.

2015ರಲ್ಲಿಯೇ ಸುಪ್ರೀಂ ಕೋರ್ಟ್ ಕಂಪನಿಗಳ ಪರ ತೀರ್ಪು ಕೊಟ್ಟಾಗಿದೆ, ಇನ್ನು ಹೋರಾಡಿ ಪ್ರಯೋಜನವಿಲ್ಲ ಎಂದು ಹಲವರು ಹೇಳುತ್ತಾರೆ. ಕಂಪನಿಗಳ ಪತ್ರಗಳಲ್ಲೂ ಆ ತೀರ್ಪಿನ ಹೆಸರು ತಪ್ಪದೆ ಇರುತ್ತದೆ. ಪಾರ್ಕಿಂಗ್‌ಐ ಎಂಬ ಕಂಪನಿ ಮತ್ತು ಬೀವಿಸ್ ಎಂಬ ಚಾಲಕನ ನಡುವಣ ಆ ಪ್ರಕರಣದ ತೀರ್ಪು ಬಂದದ್ದು 2015ರ ನವೆಂಬರ್ 4ರಂದು. ಚೆಲ್ಮ್ಸ್‌ಫರ್ಡಿನ ಅಂಗಡಿ ಸಾಲಿನಲ್ಲಿ ಎರಡು ಗಂಟೆಯ ಉಚಿತ ಮಿತಿಯನ್ನು 56 ನಿಮಿಷ ಮೀರಿದ್ದಕ್ಕೆ ಕೇಳಿದ 85 ಪೌಂಡ್ ಕಾನೂನುಬಾಹಿರ ದಂಡವಲ್ಲ ಎಂದು ಏಳು ನ್ಯಾಯಮೂರ್ತಿಗಳ ಪೈಕಿ ಆರು ಮಂದಿ ಹೇಳಿದರು, ಲಾರ್ಡ್ ಟೂಲ್ಸನ್ ಒಪ್ಪಲಿಲ್ಲ. ಕಾರುಗಳು ಬಂದು ಹೋಗುತ್ತಿದ್ದರೆ ಮಾತ್ರ ಅಂಗಡಿಗಳಿಗೆ ಗಿರಾಕಿಗಳು ಸಿಗುತ್ತಾರೆ, ಆದ್ದರಿಂದ ಮಿತಿ ಮೀರುವವರನ್ನು ತಡೆಯುವ ನ್ಯಾಯವಾದ ಹಿತಾಸಕ್ತಿ ಅಲ್ಲಿತ್ತು, ಮತ್ತು ಅಲ್ಲಿನ ಸುಮಾರು ಇಪ್ಪತ್ತು ಫಲಕಗಳು ದೊಡ್ಡದಾಗಿ, ಎದ್ದು ಕಾಣುವಂತೆ, ಓದಲು ಬರುವಂತೆ ಇದ್ದವು ಎಂಬುದು ಆ ತೀರ್ಪಿನ ತಿರುಳು. ಅಂದರೆ ಫಲಕ ಮರದ ಹಿಂದೆ ಅಡಗಿದ್ದರೆ, ಅಕ್ಷರ ಬೆರಳಗಲವೂ ಇಲ್ಲದೆ ಕತ್ತಲಲ್ಲಿ ಕಾಣದಂತಿದ್ದರೆ ಅದೇ ತೀರ್ಪನ್ನು ನಾವು ನಮ್ಮ ಪರವಾಗಿ ಮುಂದಿಡಬಹುದು. ನೋಟಿಸ್ ಬಂದ ವಾರವೇ ಆ ಜಾಗಕ್ಕೆ, ಸಾಧ್ಯವಾದರೆ ಅದೇ ಹೊತ್ತಿಗೆ ಹೋಗಿ, ಚಾಲಕನ ಸೀಟಿನಿಂದ ಫಲಕ ಹೇಗೆ ಕಾಣುತ್ತದೆಂದು ಫೋಟೊ ತೆಗೆದುಕೊಳ್ಳಿರೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಒಂದು ವರ್ಷದ ಮೇಲೆ ದಾವೆ ಬರುವ ಹೊತ್ತಿಗೆ ಫಲಕ ಬದಲಾಗಿರುತ್ತದೆ.

ಪ್ರತಿ ಪ್ರಕರಣವನ್ನೂ ಅದರದರ ಸಂಗತಿಗಳ ಮೇಲೆ ನೋಡುತ್ತಾರೆ ಎಂಬುದಕ್ಕೆ ಕೆಳಗಿನ ಕೋರ್ಟುಗಳಲ್ಲಿ ಉದಾಹರಣೆಗಳಿವೆ. ಬಾಡಿಗೆ ಮನೆಗಳ ಕಟ್ಟಡಗಳಲ್ಲಿರುವ ನಮ್ಮ ಹುಡುಗರಿಗೆ ಉಪಯೋಗವಾಗುವುದು 2016ರಲ್ಲಿ ಆಕ್ಸ್‌ಫರ್ಡ್ ಕೌಂಟಿ ಕೋರ್ಟಿನ ಮೇಲ್ಮನವಿಯೊಂದರ ತೀರ್ಪು. ತಾನು ವಾಸವಿದ್ದ ಕಟ್ಟಡದ ಬಾಗಿಲ ಬಳಿ ಮೇಜು ಇಳಿಸಲು ಕಾರು ನಿಲ್ಲಿಸಿದವರ ಮೇಲೆ ಹೂಡಿದ್ದ ದಾವೆ ಅದು. ಸಾಮಾನು ಇಳಿಸಲು ಸ್ವಲ್ಪ ಹೊತ್ತು ನಿಲ್ಲುವುದು ಪಾರ್ಕಿಂಗ್ ಅಲ್ಲವೆಂದು ನ್ಯಾಯಾಧೀಶರು ಹೇಳಿದರು. ದಾವೆಯ ವಿವರದಲ್ಲಿ ಪ್ರತಿವಾದಿ ಯಾವ ಷರತ್ತನ್ನು ಹೇಗೆ ಮುರಿದನೆಂದೇ ಹೇಳದೆ ಎರಡು ಸಾಲು ಗೀಚಿ ಕಳುಹಿಸುವ ಅಭ್ಯಾಸ ಕಂಪನಿಗಳಿಗಿದೆ. ಅಂಥ ಒಂದು ದಾವೆಯನ್ನು 2023ರ ಆಗಸ್ಟ್‌ನಲ್ಲಿ ಲೂಟನ್ನಿನ ಕೋರ್ಟು ಮೇಲ್ಮನವಿಯಲ್ಲಿ ವಜಾ ಮಾಡಿತು. ಇವು ಉಳಿದ ನ್ಯಾಯಾಧೀಶರು ಪಾಲಿಸಲೇಬೇಕಾದ ತೀರ್ಪುಗಳಲ್ಲ, ಆದರೂ ತಕರಾರಿನಲ್ಲಿ ಉಲ್ಲೇಖಿಸಿದರೆ ತೂಕವಿದೆ. ವಸೂಲಿ ಖರ್ಚೆಂದು ನೋಟಿಸಿನ ಮೊತ್ತಕ್ಕೆ ಸೇರಿಸುವ 70 ಪೌಂಡ್ ಬಗ್ಗೆಯೂ ತಕರಾರು ಎತ್ತಲೇಬೇಕು. ಕೀಪರ್‌ನಿಂದ ವಸೂಲು ಮಾಡಬಹುದಾದ ಗರಿಷ್ಠ ಮೊತ್ತ ನೋಟಿಸಿನಲ್ಲಿ ನಮೂದಿಸಿದಷ್ಟೇ ಎಂದು 2012ರ ಕಾಯ್ದೆಯ ಆ ಅನುಸೂಚಿಯೇ ಹೇಳುತ್ತದೆ.

ಈಗ ಲಕೋಟೆಗಳ ಮಾತು. ವಸೂಲಿ ಸಂಸ್ಥೆಯ ಪತ್ರಗಳಿಗೆ ನಡುಗಬೇಕಿಲ್ಲ, ಅವರಿಗೆ ಮನೆಗೆ ಬಂದು ಏನನ್ನೂ ಎತ್ತಿಕೊಂಡು ಹೋಗುವ ಅಧಿಕಾರವಿಲ್ಲ. ಆದರೆ ‘ಲೆಟರ್ ಬಿಫೋರ್ ಕ್ಲೇಮ್’ ಎಂಬ ಶಿರೋನಾಮೆಯ ಪತ್ರ ಬಂದರೆ 30 ದಿನದೊಳಗೆ ಉತ್ತರಿಸಬೇಕು. ದಾವೆಯ ನಮೂನೆ ಬಂದ ಮೇಲಂತೂ ದಿನ ಎಣಿಸಬೇಕು. ನಮೂನೆಯ ಮೇಲಿರುವ ದಿನಾಂಕದಿಂದ ಐದನೆಯ ದಿನ ಅದು ಜಾರಿಯಾಯಿತೆಂದು ಲೆಕ್ಕ. ಅಲ್ಲಿಂದ 14 ದಿನದೊಳಗೆ ‘ನನಗೆ ತಲುಪಿದೆ, ಪೂರ್ತಿ ಮೊತ್ತವನ್ನು ವಿರೋಧಿಸುತ್ತೇನೆ’ ಎಂದು ಆನ್‌ಲೈನಿನಲ್ಲಿ ತಿಳಿಸಿದರೆ, ತಕರಾರು ಸಲ್ಲಿಸಲು ಜಾರಿಯಾದ ದಿನದಿಂದ ಒಟ್ಟು 28 ದಿನ ಸಿಗುತ್ತದೆ. ಏನನ್ನೂ ಮಾಡದೆ ಕುಳಿತರೆ ನಮ್ಮಲ್ಲಿ ಏಕಪಕ್ಷೀಯ ಡಿಕ್ರಿ ಎನ್ನುತ್ತಾರಲ್ಲ, ಅದೇ ಆಗುತ್ತದೆ. ನಮ್ಮ ಮಾತು ಕೇಳದೆಯೇ ಬರುವ ಆ ತೀರ್ಪೂ ಇಲ್ಲಿ ಒಂದು ಸಿಸಿಜೆ, ಅಂದರೆ ಕೌಂಟಿ ಕೋರ್ಟ್ ಜಡ್ಜ್‌ಮೆಂಟ್. ಒಂದು ತಿಂಗಳೊಳಗೆ ಪೂರ್ತಿ ಹಣ ಕಟ್ಟಿದರೆ ದಾಖಲೆ ಅಳಿಸಿಹೋಗುತ್ತದೆ, ಇಲ್ಲವಾದರೆ ಆರು ವರ್ಷ ಹೆಸರಿಗೆ ಅಂಟಿಕೊಂಡಿರುತ್ತದೆ. ಮನೆ ಸಾಲ ಕೊಡುವ ಬ್ಯಾಂಕು, ಬಾಡಿಗೆ ಮನೆಯ ಏಜೆಂಟ್, ಮೊಬೈಲ್ ಕಂಪನಿ ಎಲ್ಲರೂ ನೋಡುವುದು ಅದನ್ನೇ.

ನಮ್ಮ ಸಮುದಾಯದವರಿಗೆ ಅತಿ ಹೆಚ್ಚು ಪೆಟ್ಟು ಬೀಳುತ್ತಿರುವುದು ಇಲ್ಲಿಯೇ ಎಂದು ನನ್ನ ಅನುಭವ. ವಿದ್ಯಾರ್ಥಿಗಳು, ನರ್ಸ್‌ಗಳು, ಪ್ರಾಜೆಕ್ಟ್ ಮೇಲೆ ಬಂದಿರುವ ಸಾಫ್ಟ್‌ವೇರ್‌ನವರು ವರ್ಷಕ್ಕೊಂದು ಮನೆ ಬದಲಿಸುತ್ತಾರೆ. ಡ್ರೈವಿಂಗ್ ಲೈಸೆನ್ಸಿನಲ್ಲಿ ವಿಳಾಸ ತಿದ್ದಿಸಿ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಕಾರಿನ ಲಾಗ್‌ಬುಕ್, ಅಂದರೆ ನಮ್ಮ ಆರ್‌ಸಿ ಪುಸ್ತಕದಂಥ ವಿ5ಸಿ, ಅದರ ವಿಳಾಸವನ್ನು ಬೇರೆಯಾಗಿಯೇ ತಿದ್ದಿಸಬೇಕು. ಅದಕ್ಕೆ ಹಣ ಖರ್ಚಿಲ್ಲ, ತಿದ್ದಿಸದಿದ್ದರೆ 1,000 ಪೌಂಡ್ ತನಕ ದಂಡವಿದೆ. ಹಾಸನದ ಕಡೆಯ ನರ್ಸ್ ಒಬ್ಬರು ರಾತ್ರಿ ಪಾಳಿ ಮಾಡಿ ಕೂಡಿಟ್ಟ ಹಣದಲ್ಲಿ ಮನೆ ಕೊಳ್ಳಲು ಹೊರಟಾಗ ಬ್ಯಾಂಕು ಸಾಲ ನಿರಾಕರಿಸಿತು. ನೋಟಿಸ್, ದಾವೆ, ತೀರ್ಪು ಎಲ್ಲವೂ ಹಿಂದಿನ ವಿಳಾಸಕ್ಕೆ ಹೋಗಿದ್ದವು. ಅವರಿಗೆ ಒಂದೇ ಒಂದು ಕಾಗದವೂ ತಲುಪಿರಲಿಲ್ಲ. ಆ ತೀರ್ಪನ್ನು ರದ್ದು ಮಾಡಿಸಲು ಅರ್ಜಿ ಶುಲ್ಕವೇ ಸುಮಾರು 300 ಪೌಂಡ್. ಪ್ರತಿವಾದಿ ಆ ವಿಳಾಸದಲ್ಲಿಲ್ಲವೆಂದು ನಂಬಲು ಕಾರಣವಿದ್ದರೆ ಈಗಿನ ವಿಳಾಸ ಹುಡುಕಲು ವಾದಿ ಪ್ರಯತ್ನಿಸಬೇಕೆಂಬ ನಿಯಮವಿದೆ. ಆ ನೆಲೆಯಲ್ಲಿ ವಾದಿಸಿ, ತಿಂಗಳುಗಟ್ಟಲೆ ಅಲೆದು ಅವರು ತೀರ್ಪನ್ನು ರದ್ದು ಮಾಡಿಸಿಕೊಂಡರು. ಅಷ್ಟರಲ್ಲಿ ಅವರು ಮೆಚ್ಚಿದ್ದ ಮನೆ ಬೇರೆಯವರ ಪಾಲಾಗಿತ್ತು.

ಕೋರ್ಟೆಂದರೆ ನಮ್ಮ ಹಿರಿಯರಿಗೆ ಭಯವಿರುವುದು ಸಹಜ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಹುಟ್ಟಿದ್ದು ಎರಡು ತಲೆಮಾರು ನಡೆದ ಹೊಲದ ವ್ಯಾಜ್ಯಗಳಿಂದ. ನನ್ನ ತಾತನೂ ಅಂಥದೊಂದರಲ್ಲಿ ಎರಡು ಎಕರೆ ಕಳೆದುಕೊಂಡವರು. ಇಲ್ಲಿನ ಸಣ್ಣ ದಾವೆಗಳ ವಿಭಾಗದ ರೀತಿ ಬೇರೆ. 10,000 ಪೌಂಡ್ ತನಕದ ದಾವೆಗಳು ಅಲ್ಲಿಗೆ ಹೋಗುತ್ತವೆ. ವಕೀಲರನ್ನು ಇಡಬೇಕಿಲ್ಲ. 2024ರ ಮೇ ತಿಂಗಳಿನಿಂದ ಇಂಥ ದಾವೆಗಳಲ್ಲಿ ಮೊದಲು ಫೋನಿನಲ್ಲಿ ಒಂದು ಗಂಟೆಯ ರಾಜಿ ಮಾತುಕತೆ ಕಡ್ಡಾಯವಾಗಿದೆ. ಅದಕ್ಕೆ ಶುಲ್ಕವಿಲ್ಲ, ಮಾತಾಡುವುದು ಕಡ್ಡಾಯವೇ ಹೊರತು ಒಪ್ಪುವುದು ಕಡ್ಡಾಯವಲ್ಲ. ಆಮೇಲಿನ ವಿಚಾರಣೆ ನಮ್ಮ ಊರಿಗೆ ಹತ್ತಿರದ ಕೌಂಟಿ ಕೋರ್ಟಿನಲ್ಲಿಯೇ ನಡೆಯುತ್ತದೆ. ಡಿಸ್ಟ್ರಿಕ್ಟ್ ಜಡ್ಜ್‌ರನ್ನು ‘ಜಡ್ಜ್’ ಎಂದು ಕರೆದರೆ ಸಾಕು. ಸೋತರೂ ಎದುರಾಳಿ ವಕೀಲರ ಪೂರ್ತಿ ಖರ್ಚು ನಮ್ಮ ತಲೆಗೆ ಬರುವುದಿಲ್ಲ, ನಾವು ತೀರಾ ವಿವೇಚನೆಯಿಲ್ಲದೆ ನಡೆದುಕೊಂಡಿದ್ದರೆ ಮಾತ್ರ ಆ ಮಾತು ಬೇರೆ. 100 ಪೌಂಡಿನ ನೋಟಿಸಿನ ದಾವೆ ಸೋತರೆ ಕಟ್ಟಬೇಕಾದದ್ದು ಆ ನೂರರ ಜೊತೆಗೆ ದಾವೆ ಶುಲ್ಕ 35, ವಕೀಲರ ನಿಗದಿತ ವೆಚ್ಚ 50, ವಿಚಾರಣಾ ಶುಲ್ಕ 27, ಮೇಲೆ ಬಡ್ಡಿ ಸೇರಿ 220ರ ಆಸುಪಾಸು. ಆ 70 ಪೌಂಡನ್ನೂ ನ್ಯಾಯಾಧೀಶರು ಒಪ್ಪಿದರೆ 290 ದಾಟಬಹುದು. ನನ್ನ ಪರಿಚಯದವರೊಬ್ಬರು ಹೀಗೆಯೇ ಸೋತರು. ಫಲಕ ಕಣ್ಣಿಗೆ ರಾಚುವಂತಿತ್ತು, ಅವರು ಒಂದು ಗಂಟೆಗೂ ಹೆಚ್ಚು ಮೀರಿದ್ದರು, ತೋರಿಸಲು ಕಾರಣವೇ ಇರಲಿಲ್ಲ. ಅಂಥ ಸಂದರ್ಭದಲ್ಲಿ ಮೊದಲ 14 ದಿನದಲ್ಲಿ 60 ಪೌಂಡ್ ಕಟ್ಟುವುದೇ ಸರಿ. ನಿಯಮ ಮುರಿದವರು ತಪ್ಪಿಸಿಕೊಳ್ಳಲಿ ಎಂದು ನಾನು ಈ ಪತ್ರ ಬರೆಯುತ್ತಿಲ್ಲ.

ನನ್ನ ದಾವೆ ವಿಚಾರಣೆಯ ತನಕ ಹೋಗಲಿಲ್ಲ. 14 ದಿನದ ನಿಯಮವನ್ನೂ, ಕ್ಯಾಮೆರಾ ದಾಖಲಿಸಿದ್ದು ಒಳಬಂದು ಹೊರಹೋದ ಹೊತ್ತನ್ನೇ ಹೊರತು ಕಾರು ನಿಂತ ಹೊತ್ತನ್ನಲ್ಲ ಎಂಬುದನ್ನೂ ಬರೆದು ಎರಡು ಪುಟದ ತಕರಾರು ಸಲ್ಲಿಸಿದ್ದೆ. ವಿಚಾರಣಾ ಶುಲ್ಕ ಕಟ್ಟಬೇಕಾದ ಗಡುವಿಗೆ ಕೆಲವೇ ದಿನ ಮೊದಲು ಕಂಪನಿ ದಾವೆಯನ್ನು ಹಿಂತೆಗೆದುಕೊಂಡಿತು. ಕಾರಣ ತಿಳಿಸಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ನಾನು ಒಂದು ಪೌಂಡನ್ನೂ ಕೊಡಲಿಲ್ಲವೆಂದು ಅಮ್ಮನಿಗೆ ಹೇಳಿದ ದಿನ ಅವರು ಆ ಸ್ವೆಟರನ್ನು ಮೊದಲ ಬಾರಿಗೆ ಹಾಕಿಕೊಂಡರಂತೆ.

ಇದೆಲ್ಲ ಒಬ್ಬೊಬ್ಬರೂ ಓದಿ ತಿಳಿದುಕೊಂಡು ಹೋರಾಡಬೇಕಾದ ವಿಷಯವಾಗಬಾರದಿತ್ತು. ಈ ಕಂಪನಿಗಳನ್ನು ಹತೋಟಿಗೆ ತರಲು ಬ್ರಿಟಿಷ್ ಪಾರ್ಲಿಮೆಂಟ್ 2019ರಲ್ಲಿಯೇ ಕಾಯ್ದೆ ಮಾಡಿತು. ಅದರಡಿ 2022ರ ಫೆಬ್ರವರಿಯಲ್ಲಿ ಪ್ರಕಟವಾದ ನೀತಿಸಂಹಿತೆ ಹೆಚ್ಚುವರಿ ವಸೂಲಿ ಶುಲ್ಕವನ್ನು ನಿಷೇಧಿಸಿತ್ತು. ಕಂಪನಿಗಳು ಕಾನೂನು ಸಮರಕ್ಕಿಳಿದವು, ಜೂನ್‌ನಲ್ಲಿ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. 2025ರ ಜುಲೈಯಲ್ಲಿ ಮತ್ತೆ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಈ ನಡುವೆ ಕಂಪನಿಗಳ ಎರಡು ಸಂಘಗಳು ತಾವೇ ಒಂದು ಸಂಹಿತೆ ಬರೆದುಕೊಂಡಿವೆ. ಹೊರಡಲು ಹತ್ತು ನಿಮಿಷದ ರಿಯಾಯಿತಿ ಅದರಲ್ಲಿದೆ. ಒಳಬಂದು ಐದು ನಿಮಿಷದೊಳಗೆ ಹಣ ಕಟ್ಟಲಿಲ್ಲವೆಂದು ಡರ್ಬಿಯಲ್ಲಿ ಹೂಡಿದ್ದ ದಾವೆಯೊಂದು ಸುದ್ದಿಯಾದ ಮೇಲೆ, ಹೊರಡುವ ಮುನ್ನ ಪೂರ್ತಿ ಹಣ ಕಟ್ಟಿದವರಿಗೆ ತಡವಾಯಿತೆಂದು ನೋಟಿಸ್ ಕಳುಹಿಸಬಾರದೆಂದು 2025ರ ಫೆಬ್ರವರಿಯಲ್ಲಿ ಕ್ಯಾಮೆರಾ ಇರುವ ಜಾಗಗಳಿಗೆ ಅನ್ವಯಿಸುವಂತೆ ಅದನ್ನು ತಿದ್ದಿದರು. ದೂರು ಹೇಳಿಸಿಕೊಳ್ಳುವವರೇ ನಿಯಮ ಬರೆಯುವ ಈ ಏರ್ಪಾಡು ಕೊನೆಗೊಂಡು, ಪಾರ್ಲಿಮೆಂಟ್ ಬಯಸಿದ ಸಂಹಿತೆಯೇ ಜಾರಿಗೆ ಬರಬೇಕು. ಇಲ್ಲಿ ಮತದಾನದ ಹಕ್ಕಿರುವ ಕನ್ನಡಿಗರು ತಮ್ಮ ಕ್ಷೇತ್ರದ ಸಂಸದರಿಗೆ ಈ ಬಗ್ಗೆ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ಬರೆದಿದ್ದೇನೆ.

ದಾವಣಗೆರೆಯ ಹುಡುಗನ ಲಕೋಟೆಗೆ ಅಂದು ರಾತ್ರಿಯೇ ಆನ್‌ಲೈನಿನಲ್ಲಿ ಉತ್ತರ ಕೊಟ್ಟೆವು. ಅವನ ಬಗ್ಗೆ ಕಂಪನಿಯ ಬಳಿ ಇರುವ ಎಲ್ಲ ದಾಖಲೆ, ಚಿತ್ರಗಳನ್ನು ಕೊಡಬೇಕೆಂದು ಮಾಹಿತಿ ಸಂರಕ್ಷಣೆಯ ಕಾನೂನಿನಡಿ ಬರೆದೆವು, ಅದಕ್ಕೆ ಅವರು ಒಂದು ತಿಂಗಳೊಳಗೆ ಉತ್ತರಿಸಬೇಕು. ಬಂದ ಚಿತ್ರಗಳಲ್ಲಿ ಫಲಕದ ದೀಪ ಕೆಟ್ಟು ಅಕ್ಷರವೇ ಕಾಣುತ್ತಿರಲಿಲ್ಲ. ಹೋದ ವಾರ ಗಡುವಿನೊಳಗೆ ತಕರಾರು ಸಲ್ಲಿಕೆಯಾಗಿದೆ. ಸಣ್ಣ ದಾವೆಗಳಲ್ಲಿ ವಕೀಲರಲ್ಲದವರೂ ಪಕ್ಷಗಾರನ ಜೊತೆಗಿದ್ದು ಅವನ ಪರ ಮಾತಾಡಲು ಅವಕಾಶವಿದೆ. ವಿಚಾರಣೆ ಬಂದರೆ ನಾನೂ ಅವನೊಂದಿಗೆ ಹೋಗುತ್ತೇನೆಂದು ಅವನ ತಂದೆಯವರಿಗೆ ಮಾತು ಕೊಟ್ಟಿದ್ದೇನೆ. ಕಳಿಸಲೆಂದು ಅವರು ತೆಗೆದಿಟ್ಟಿದ್ದ ಹಣವನ್ನು ಸದ್ಯಕ್ಕೆ ಬ್ಯಾಂಕಿಗೆ ವಾಪಸು ಹಾಕಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ತುಮಕೂರು ಜಿಲ್ಲೆಯ ಹಳೆಯ ಓದುಗ, ಈಗ ಕೊವೆಂಟ್ರಿ, ಇಂಗ್ಲೆಂಡ್